ನಾಲ್ಕನೆಯ ಜಾಡಿಯ ಹಲ್ಲುಗಳು

ಬಸ್ಸು ಘಟಪ್ರಭಾ ದಾಟುವ ಹೊತ್ತಿಗೆ ಸಾತಪ್ಪ ಹೇಳಬೇಕೆಂದುಕೊಂಡಿದ್ದ ಮಾತು ಮೂರನೆಯ ಸಲ ಬದಲಾಗಿತ್ತು. ಹುಕ್ಕೇರಿಯಲ್ಲಿ ಹತ್ತಿದಾಗ ಅದು ಉದ್ದವಾಗಿತ್ತು. ತಪ್ಪಾಯಿತು ಅನ್ನುವುದರಿಂದ ಶುರುವಾಗಿ, ಆ ದಿನದ ಮಳೆ, ಬಸ್ಸಿನ ಗದ್ದಲ, ಎಲ್ಲವನ್ನೂ ಹೊತ್ತುಕೊಂಡು ನಿಧಾನಕ್ಕೆ ಜಾಡಿಗಳ ತನಕ ಬರುತ್ತಿತ್ತು. ಅರ್ಧ ದಾರಿಯಲ್ಲಿ ಮಳೆಯನ್ನು ಕೈಬಿಟ್ಟ. ಈಗ ಬರೀ ಜಾಡಿಗಳು ಉಳಿದಿದ್ದವು. ಅವನ್ನೂ ಹೇಳದೆ ಇದ್ದುಬಿಡಬಹುದಲ್ಲ ಎಂಬ ಆಸೆ ಮಾತ್ರ ಬಿಟ್ಟುಹೋಗುತ್ತಿರಲಿಲ್ಲ. ಮೂರು ದಿನದ ಹಿಂದೆ ಡಾಕ್ಟರ್ ಐಶ್ವರ್ಯ ಫೋನ್ ಮಾಡಿದ್ದರು. "ಸಾತಪ್ಪಣ್ಣ, ಒಂದಿನ ಗೋಕಾಕಕ್ಕ ಬಂದ ಹೋಗ್ರಿ. ನನ್ನ ಕೈಕೆಳಗ ಕಲಿಯೋ ಹುಡುಗಿ ಒಬ್ಬಾಕಿ ನಮ್ಮ ಹಳೇ ಕೆಲಸಾನ ಮತ್ತೊಮ್ಮಿ ಮಾಡಾಕತ್ತಾಳ. ಮೂರ ಸರ್ತಿ ಆತು, ನಮಗ ಬಂದಂಗ ಬರವಲ್ದು. ನೀವು ಬಾಜೂ ನಿಂತು ಹೆಂಗಂತ ತೋರಸ್ರಿ." ಅವನು ಯೋಚಿಸುವ ಮುಂಚೆಯೇ "ಬರ್ತೇನ್ರಿ ಅಕ್ಕಾರ" ಅಂದುಬಿಟ್ಟಿದ್ದ. ಹಲ್ಲಿನ ಕಾಲೇಜಿನ ಲ್ಯಾಬಿನಿಂದ ನಿವೃತ್ತನಾಗಿ ನಾಲ್ಕು ವರ್ಷವಾಗಿತ್ತು. ಹುಕ್ಕೇರಿಯ ದವಾಖಾನೆಯಲ್ಲಿ ನರ್ಸ್ ಆಗಿರುವ ಮಗಳು ಪೂನಮ್‌ಳ ಮನೆಯಲ್ಲಿ ಅವನೂ ಹೆಂಡತಿ ಉದ್ದವ್ವನೂ ಇದ್ದರು. ಈ ನಾಲ್ಕು ವರ್ಷದಲ್ಲಿ ಅವನ ಕೈಯಿಂದ ಆಗುವ ಕೆಲಸ ಒಂದಿದೆ ಎಂದು ಯಾರೂ ಕರೆದಿರಲಿಲ್ಲ. ಫೋನ್ ಇಟ್ಟ ಮೇಲೆ ಮೊದಲು ಬಂದದ್ದು ಸಂತೋಷ. ಆ ಸಂತೋಷಕ್ಕೇ ನಾಚಿಕೆಯಾಗುವಂಥ ಭಯ ಆಮೇಲೆ ಬಂತು. ಆ ಹುಡುಗಿಗೆ ಯಾಕೆ ಬರುತ್ತಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಈ ಜಗತ್ತಿನಲ್ಲಿ ಅವನೊಬ್ಬನಿಗೇ ಗೊತ್ತಿತ್ತು.

ಮೂವತ್ತು ವರ್ಷ ಮಾಡಿದ ಆ ಕೆಲಸವನ್ನು ಒಂದು ಮಾತಿನಲ್ಲಿ ಹೇಳಲು ಅವನಿಗೆ ಎಂದೂ ಆಗಿರಲಿಲ್ಲ. ಊರಿಗೆ ಹೋದಾಗ ಯಾರಾದರೂ ಕೇಳಿದರೆ ಕಾಲೇಜಿನಲ್ಲಿದ್ದೇನೆ ಅನ್ನುತ್ತಿದ್ದ. "ಕಸಾ ಹೊಡೀತಿ ಏನಪಾ?" ಎಂದು ಗೌಡರ ಕಟ್ಟೆಯ ಮೇಲಿಂದ ಪ್ರಶ್ನೆ ಬರುತ್ತಿತ್ತು. "ಹೂನ್ರಿ" ಅಂದು ಮುಂದೆ ಹೋಗುತ್ತಿದ್ದ. ಕಿತ್ತ ಹಲ್ಲನ್ನು ಸಣ್ಣ ಗಾಲಿಯಿಂದ ಕೊಯ್ದು, ಬೇರು ಬಿಸಾಡಿ, ತಲೆಯ ಭಾಗವನ್ನು ಗುಲಾಬಿ ಅಂಟಿನಲ್ಲಿ ಕೂರಿಸಿ, ಉಸುಕಿನ ಕಾಗದದ ಮೇಲೆ ಕನ್ನಡಿಯಾಗುವ ತನಕ ತಿಕ್ಕುವುದನ್ನು ಕಟ್ಟೆಯ ಮೇಲಿದ್ದವರಿಗೆ ಹೇಗೆ ಹೇಳುವುದು? ಹಲ್ಲು ಸಿಗುವುದೇ ಕಷ್ಟವಿತ್ತು. ಹುಳುಕು ಇರಬಾರದು, ಬಿರುಕು ಇರಬಾರದು. ತಂತಿ ಹಾಕಿ ಹಲ್ಲು ನೆಟ್ಟಗೆ ಮಾಡುವ ಮುಂಚೆ ಜಾಗಕ್ಕಾಗಿ ಕಿತ್ತ ಎಳೆಯ ಹಲ್ಲುಗಳೇ ಆಗಬೇಕು. ಹದಿನೆಂಟು ವರ್ಷದ ಹಿಂದೆ ಐಶ್ವರ್ಯ ಇನ್ನೂ ಕಲಿಯುತ್ತಿದ್ದ ಹುಡುಗಿ, ಮೂಡಲಗಿಯ ಬೆಲ್ಲದ ವ್ಯಾಪಾರಿ ಅಪ್ಪಣ್ಣನವರ ಮಗಳು. ಅಪ್ಪಣ್ಣನವರಿಗೆ ಮೂಡಲಗಿಯ ಪೇಟೆಯಲ್ಲಿ ಗೊತ್ತಿಲ್ಲದ ದವಾಖಾನೆ ಇರಲಿಲ್ಲ. ವಾರಕ್ಕೊಮ್ಮೆ ಸಾತಪ್ಪ ಅಲ್ಲಿಗೆ ಹೋಗಿ, ಕೂಡಿಸಿಟ್ಟ ಹಲ್ಲುಗಳನ್ನು ಬಾಟಲಿಯಲ್ಲಿ ತುಂಬಿ, ಬಾಟಲಿಯನ್ನು ಅರಿವೆಯ ಚೀಲದಲ್ಲಿಟ್ಟು, ಚೀಲವನ್ನು ಮೊಣಕಾಲ ನಡುವೆ ಹಿಡಿದು ಬಸ್ಸಿನಲ್ಲಿ ಗೋಕಾಕಕ್ಕೆ ಬರುತ್ತಿದ್ದ. ಹಲ್ಲು ಕೆಡದಂತೆ ಹಾಕುವ ದ್ರವಕ್ಕೆ ಅಜವಾನದ ವಾಸನೆ. "ಉಪ್ಪಿನಕಾಯೇನ್ರಿ ಕಾಕಾ?" ಎಂದು ಕಂಡಕ್ಟರ್ ಕೇಳಿದರೆ ಹೌದು ಅನ್ನುತ್ತಿದ್ದ. ಒಮ್ಮೆ ಪಕ್ಕದ ಸೀಟಿನಲ್ಲಿದ್ದ ಬಸುರಿ ಹೆಣ್ಣುಮಗಳು ಆ ವಾಸನೆಗೆ ಬಾಯಲ್ಲಿ ನೀರು ತಂದುಕೊಂಡು ಚೀಲವನ್ನೇ ನೋಡುತ್ತ ಕೂತದ್ದು ನೆನಪಾಗಿ ಅವನಿಗೆ ಈಗಲೂ, ಈ ಬಸ್ಸಿನಲ್ಲೂ, ನಗು ಬಂತು. ಹಲ್ಲಿನ ಮೇಲೆ ಬೆರಳಿನ ಉಗುರಿಗಿಂತ ಸಣ್ಣದೊಂದು ಕಿಟಕಿ ಬಿಟ್ಟು ಉಳಿದದ್ದಕ್ಕೆಲ್ಲ ಉಗುರುಬಣ್ಣ ಬಳಿಯಬೇಕಿತ್ತು, ಹುಳಿ ತಾಗಬೇಕಾದಲ್ಲೇ ತಾಗಲಿ ಎಂದು. ಆ ಉಗುರುಬಣ್ಣವನ್ನು ಬಳೆ ಅಂಗಡಿಯಿಂದ ತರುವವನು ಅವನೇ. "ಮತ್ತ ಕೆಂಪ ಬೇಕೇನ್ರಿ ಸಾತಪ್ಪ? ಮನಿಯಾಕಿ ಭಾಳ ಶೋಕಿ ಇದ್ದಂಗೈತಿ" ಎಂದು ಬಳೆಗಾರ ನಗುತ್ತಿದ್ದ. ಮನೆಯಾಕೆ ಆಗ ಹಳ್ಳಿಯಲ್ಲಿ ಅತ್ತೆಯ ಜೊತೆ, ಇನ್ನೊಬ್ಬರ ಹೊಲದಲ್ಲಿ ಕಳೆ ತೆಗೆಯುತ್ತಿದ್ದಳು. ಅವನು ಗೋಕಾಕದಲ್ಲಿ ಒಂದು ಖೋಲಿ ಹಿಡಿದು ಒಬ್ಬನೇ ಇದ್ದ.

ಆ ಕೆಲಸದಲ್ಲಿ ಅವನಿಗೆ ಎಲ್ಲಕ್ಕಿಂತ ಸೇರಿದ್ದು ಹದಿನಾಲ್ಕು ದಿನದ ಆ ಆಟ. ನಲವತ್ತು ಹಲ್ಲು, ನಾಲ್ಕು ಜಾಡಿ, ಜಾಡಿಗೆ ಹತ್ತು. ಒಂದು ಜಾಡಿಯ ಹಲ್ಲಿಗೆ ಏನೂ ಹಚ್ಚುವುದಿಲ್ಲ, ಇನ್ನೆರಡಕ್ಕೆ ಪೇಟೆಯ ಪೇಸ್ಟುಗಳು, ನಾಲ್ಕನೆಯದಕ್ಕೆ ಐಶ್ವರ್ಯ ತಾವೇ ಹಾಲಿನ ಸತ್ವ ಬೆರೆಸಿ ಮಾಡಿದ ಪೇಸ್ಟು. ದಿನಾ ಬೆಳಿಗ್ಗೆ ಎಂಟಕ್ಕೆ ಹಲ್ಲುಗಳನ್ನು ಹುಳಿನೀರಿಗೆ ಹಾಕಬೇಕು, ಮನುಷ್ಯ ತಿಂದು ಬಾಯಿ ತೊಳೆಯದಿದ್ದರೆ ಆಗುವಂಥ ಹುಳಿ. ಆರು ತಾಸು. ಮಧ್ಯಾಹ್ನ ಎರಡಕ್ಕೆ ತೆಗೆದು, ತೊಳೆದು, ಪೇಸ್ಟು ಹಚ್ಚಿ, ಮರುದಿನದ ತನಕ ಜೊಲ್ಲುನೀರಿನಲ್ಲಿ ಇಡಬೇಕು. ಹುಳಿ ಕಸಿದುಕೊಂಡದ್ದನ್ನು ಜೊಲ್ಲು ಎಷ್ಟು ಮರಳಿಸುತ್ತದೆ, ಯಾವ ಪೇಸ್ಟು ಇದ್ದರೆ ಹೆಚ್ಚು ಮರಳಿಸುತ್ತದೆ ಎಂಬುದೇ ಪರೀಕ್ಷೆ. ಎರಡೂ ನೀರಿಗೆ ಡಾಕ್ಟರುಗಳು ಉದ್ದನೆಯ ಹೆಸರು ಹೇಳುತ್ತಿದ್ದರು. ಹುಳಿನೀರು, ಜೊಲ್ಲುನೀರು ಎಂದು ಹೆಸರಿಟ್ಟವನು ಸಾತಪ್ಪ. ಕೊನೆಗೆ ವಜ್ರದ ಮೊನೆಯ ಯಂತ್ರ ಹಲ್ಲನ್ನು ಒತ್ತುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಗುರುತು ಬೀಳುತ್ತದೆ. ಗುರುತು ಸಣ್ಣದಾದಷ್ಟೂ ಹಲ್ಲು ಗಟ್ಟಿ. ಐಶ್ವರ್ಯ ಒಂದು ಸಂಜೆ ಅವನನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿ ಆ ಗುರುತು ತೋರಿಸಿದ್ದರು. ಓರೆ ಚೌಕ, ಶಂಕರಪೋಳಿಯ ತುಂಡಿನ ಹಾಗಿತ್ತು. ಹದಿನಾರು ವರ್ಷ ಅದೇ ಕೋಣೆಯಲ್ಲಿದ್ದರೂ ಆ ಗಾಜಿನಲ್ಲಿ ಕಣ್ಣಿಡು ಎಂದು ಅಲ್ಲಿಯ ತನಕ ಯಾರೂ ಅವನಿಗೆ ಹೇಳಿರಲಿಲ್ಲ. ವಿಭಾಗದ ದೊಡ್ಡ ಸಾಹೇಬರು ಅವನನ್ನು "ಏ ಸಾತ್ಯಾ" ಎಂದೇ ಕರೆಯುತ್ತಿದ್ದರು. ಅಣ್ಣ ಎಂದು ಮೊದಲು ಕರೆದವರು ಐಶ್ವರ್ಯ.

ಹನ್ನೊಂದನೆಯ ದಿನ ಐತವಾರ ಬಂದಿತ್ತು. ಶ್ರಾವಣ. ಹಿಂದಿನ ಸಂಜೆ ಉದ್ದವ್ವ ಊರಿನಿಂದ ಬಂದಿದ್ದಳು, ಎರಡು ದಿನಕ್ಕೆ. "ಇಷ್ಟ ವರ್ಷ ಆತು, ಫಾಲ್ಸಿನಾಗ ನೀರ ಬಂದಾಗ ನಾ ಒಂದಪಾನೂ ನೋಡಿಲ್ಲ" ಅಂದಿದ್ದಳು. ಅಷ್ಟೇ, ಕರೆದುಕೊಂಡು ಹೋಗ್ರಿ ಎಂದೂ ಅಂದಿರಲಿಲ್ಲ. ಬೆಳಿಗ್ಗೆ ಎಂಟಕ್ಕೆ ಅವಳನ್ನು ಲ್ಯಾಬಿನ ಹೊರಗಿನ ಮೆಟ್ಟಿಲ ಮೇಲೆ ಕೂರಿಸಿ ಅವನು ಒಳಗೆ ಹೋದ. ಮೂರು ಜಾಡಿಗೆ ಹುಳಿನೀರು ಹಾಕಿದ. ನಾಲ್ಕನೆಯದಕ್ಕೆ ಬರುವಾಗ ಸೀಸೆ ಬರಿದಾಯಿತು. ಹೊಸದು ಮಾಡಬೇಕೆಂದರೆ ತೂಗಿ, ಕಲಸಿ, ಹುಳಿ ಅಳೆಯುವ ಯಂತ್ರ ಸರಿಯಾದ ಅಂಕಿ ತೋರಿಸುವ ತನಕ ಹನಿಹನಿ ಬಿಡಬೇಕು, ಅರ್ಧ ತಾಸಿನ ಕೆಲಸ. ಹೊರಗೆ ಉದ್ದವ್ವ ಯಾರಿಗೋ "ಫಾಲ್ಸ್ ಬಸ್ಸು ಎಂಟೂವರಿಗೇನ್ರಿ?" ಎಂದು ಕೇಳುವುದು ಕೇಳಿಸಿತು. ಎರಡಕ್ಕಂತೂ ಬರಲೇಬೇಕು, ಆಗ ಬಂದು ಮಾಡಿದರಾಯಿತು ಎಂದುಕೊಂಡು ಸಾತಪ್ಪ ನಾಲ್ಕನೆಯ ಜಾಡಿಯನ್ನು ಜೊಲ್ಲುನೀರಿನಲ್ಲೇ ಬಿಟ್ಟು, ಕೈ ಒರೆಸಿಕೊಂಡು ಬಾಗಿಲು ಹಾಕಿದ.

ಆ ದಿನ ಎಷ್ಟು ಸಲ ನೆನಪಾದರೂ ಅದಕ್ಕೆ ಮೊದಲು ಬರುವುದು ಸದ್ದು. ನೀರು ಕಾಣುವ ಮುಂಚೆ ನೆಲದೊಳಗಿಂದ ಬರುವ ಗುಡುಗು, ಆಮೇಲೆ ಮುಖಕ್ಕೆ ತಾಗುವ ಸಣ್ಣ ತುಂತುರು, ಆಮೇಲೆ ಕೆಂಪು ಮಣ್ಣು ಕಲಸಿದ ನೀರು ಬಂಡೆಯಂಚಿನಿಂದ ಒಂದೇ ತಗಡಿನ ಹಾಗೆ ಜಾರುವುದು. ತೂಗುಸೇತುವೆಯ ಹಲಗೆಗಳ ಮೇಲೆ ಉದ್ದವ್ವ ಅವನ ಅಂಗಿಯ ಹಿಂಭಾಗ ಹಿಡಿದು ನಡೆದಳು. ಗಿರಣಿಯ ಭೋಂಗಾ ಕಿವಿಗಡಚಿಕ್ಕುವಂತೆ ಹೊಡೆದಾಗ ಬೆಚ್ಚಿಬಿದ್ದು, ಆಮೇಲೆ ತನ್ನ ಹೆದರಿಕೆಗೆ ತಾನೇ ನಕ್ಕಳು. ಸುಟ್ಟ ಗೊಂಜಾಳ ತೆನೆ ತಿಂದರು. ನಡುವೆ ದೊಡ್ಡ ಸಾಹೇಬರ ಬಿಳಿ ಕಾರು ಬಂದು ನಿಂತಾಗ, ಕೆಲಸ ಬಿಟ್ಟು ಬಂದದ್ದು ಗೊತ್ತಾದೀತೆಂದು ಅವನು ತೆನೆ ಮಾರುವವನ ಛತ್ರಿಯ ಹಿಂದೆ ಸರಿದು, ಅವರು ಹೋಗುವ ತನಕ ನಿಂತಿದ್ದ. ಅದೊಂದು ಬಿಟ್ಟರೆ ಆ ದಿನಕ್ಕೆ ಕಲೆಯಿರಲಿಲ್ಲ. ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ಅವರಿಬ್ಬರೇ, ಯಾರ ಮನೆಯ ಮದುವೆಯೂ ಯಾರ ಮಣ್ಣೂ ಇಲ್ಲದೆ, ಬರೀ ನೋಡುವುದಕ್ಕೆಂದು ಎಲ್ಲಿಗಾದರೂ ಹೋದದ್ದು ಅದೇ ಮೊದಲು. ಬಸ್ಸು ಸಿಗಲಿಲ್ಲ ಎಂದು ಅವನು ತನಗೇ ಎಷ್ಟೋ ಸಲ ಹೇಳಿಕೊಂಡಿದ್ದ. ಸುಳ್ಳಲ್ಲ, ಮೂರು ಗಂಟೆಯದು ತುಂಬಿ ತುಳುಕುತ್ತಿತ್ತು, ನಾಲ್ಕರದು ನಿಲ್ಲಲೇ ಇಲ್ಲ. ಆದರೆ ಒಂದು ಗಂಟೆಗೆ ಬಂದ ಬಸ್ಸಿನಲ್ಲಿ ಜಾಗವಿತ್ತು. ಬಾಗಿಲು ಅವನ ಮುಂದೆಯೇ ತೆರೆಯಿತು. ಉದ್ದವ್ವ ಬಂಡೆಯ ಮೇಲೆ ಕೂತು ನೀರು ನೋಡುತ್ತಿದ್ದಳು. ಅವನು ಅವಳನ್ನು ಕೂಗಲಿಲ್ಲ.

ಲ್ಯಾಬಿಗೆ ಬಂದಾಗ ಸಂಜೆ ಆರೂ ಕಾಲು. ಮೂರು ಜಾಡಿ ಹತ್ತು ತಾಸಿಗೂ ಮೇಲೆ ಹುಳಿಯಲ್ಲಿದ್ದವು. ನಾಲ್ಕನೆಯದು ಹುಳಿಯ ಮುಖವನ್ನೇ ನೋಡಿರಲಿಲ್ಲ. ಎಲ್ಲವನ್ನೂ ತೊಳೆದು, ಪೇಸ್ಟು ಹಚ್ಚಿ, ಜೊಲ್ಲುನೀರಿಗೆ ಹಾಕಿ, ರಿಜಿಸ್ಟರಿನಲ್ಲಿ ಎಂಟು, ಎರಡು ಎಂದು ಬರೆದು ಸಹಿ ಮಾಡಿದ. ಅವನ ಅಕ್ಷರ ಅಂದು ಎಂದಿಗಿಂತ ಚೆನ್ನಾಗಿ ಬಂದಿತ್ತು. ಹೇಳಬೇಕೆಂದೇ ಇದ್ದ. ಸೋಮವಾರ ಐಶ್ವರ್ಯ ಬರಲಿಲ್ಲ, ಮಂಗಳವಾರ ದೊಡ್ಡ ಸಾಹೇಬರು ಜೊತೆಗಿದ್ದರು. ಮುಂದಿನ ವಾರ ಯಂತ್ರ ಒತ್ತಿ ನೋಡಿದಾಗ ಹಾಲಿನ ಪೇಸ್ಟಿನ ಹಲ್ಲುಗಳು ಯಾರೂ ಎಣಿಸದಷ್ಟು ಗಟ್ಟಿಯಾಗಿದ್ದವು. ಐಶ್ವರ್ಯ ಓಡುತ್ತ ಬಂದು ಅವನ ಎರಡೂ ಕೈ ಹಿಡಿದುಕೊಂಡರು. "ಸಾತಪ್ಪಣ್ಣ, ನಿಮ್ಮ ಕೈಗುಣರಿ ಇದು!" ಊರ ಹೋಟೆಲಿನಲ್ಲಿ ತಾನು ಕುಡಿದ ಬಟ್ಟಲನ್ನು ತಾನೇ ತೊಳೆದು ಬೇರೆ ಗೂಡಿನಲ್ಲಿಟ್ಟು ಬಂದ ಕೈಗಳು ಅವು. ಅವನ್ನು ಹಾಗೆ ಯಾರೂ ಹಿಡಿದಿರಲಿಲ್ಲ. ಆಗ ಹೇಳುವುದು ಆಗಲಿಲ್ಲ. ಆಮೇಲೆ ಐಶ್ವರ್ಯರ ಪ್ರಬಂಧ ಪುಸ್ತಕವಾಗಿ ಬಂತು. ಅದರ ಮೊದಲ ಪುಟಗಳಲ್ಲಿ, ದೊಡ್ಡ ಸಾಹೇಬರ ಹೆಸರಿನ ಕೆಳಗೆ, ಒಂದು ದಿನವೂ ತಪ್ಪದೆ ಹಲ್ಲುಗಳನ್ನು ನೋಡಿಕೊಂಡ ಸಾತಪ್ಪ ಮೇತ್ರಿ ಅವರಿಗೆ ಕೃತಜ್ಞತೆಗಳು ಎಂದು ಅಚ್ಚಾಗಿತ್ತು. ಪೂನಮ್ ಆ ಪುಟದ ಝೆರಾಕ್ಸ್ ತೆಗೆಸಿ ಟ್ರಂಕಿನಲ್ಲಿಟ್ಟಳು.

ಈಗ ಫಾಲ್ಸಿನ ಹತ್ತಿರ ಬಂದಾಗ ಬಸ್ಸಿನಲ್ಲಿದ್ದವರೆಲ್ಲ ಒಂದೇ ಕಡೆಯ ಕಿಟಕಿಗಳಿಗೆ ವಾಲಿದರು. ಸಾತಪ್ಪ ತನ್ನ ಚಪ್ಪಲಿಯ ಉಂಗುಷ್ಟ ನೋಡುತ್ತ ಕೂತ.

ಲ್ಯಾಬಿಗೆ ಈಗ ಗಾಜಿನ ಬಾಗಿಲು ಬಂದಿತ್ತು. ಒಳಗೆ ಕಾಲಿಟ್ಟೊಡನೆ ಅದೇ ಅಜವಾನದ ವಾಸನೆ ಬಂತು. ಐಶ್ವರ್ಯರಿಗೆ ಕಿವಿಯ ಮೇಲೆ ಬಿಳಿಕೂದಲು ಬಂದಿದ್ದವು. ಈಗ ವಿಭಾಗಕ್ಕೆ ಅವರೇ ಮುಖ್ಯಸ್ಥರು. ಆದರೂ ಅವನನ್ನು ನೋಡಿ ಕುರ್ಚಿಯಿಂದ ಎದ್ದರು. "ಬರ್ರಿ ಸಾತಪ್ಪಣ್ಣ, ಬರ್ರಿ. ಸೊರಗೀರಲ್ರಿ." ತಮ್ಮ ಫ್ಲಾಸ್ಕಿನಿಂದ ತಮ್ಮಂಥದೇ ಕಪ್ಪಿಗೆ ಚಹಾ ಬಗ್ಗಿಸಿ ಕೊಟ್ಟರು. ಕಪಾಟಿಗೆ ಒರಗಿ ನಿಂತಿದ್ದ ತೆಳ್ಳಗಿನ ಹುಡುಗಿಯನ್ನು ತೋರಿಸಿ, "ಈಕಿನ ಶಿವಾನಿ" ಅಂದರು. ಹುಡುಗಿಯ ಕಣ್ಣು ಬಾತಿದ್ದವು.

ಅವನು ಶಿವಾನಿಯ ಕೆಲಸ ನೋಡಿದ. ನೋಡುವುದಕ್ಕಿಂತ ಹುಡುಕಿದ. ಒಂದಾದರೂ ತಪ್ಪು ಸಿಕ್ಕರೆ ಸಾಕಿತ್ತು. ಅದನ್ನು ಹಿಡಿದು, ಇದರಿಂದಲೇರಿ ಎಂದು ತೋರಿಸಿ, ಚಹಾ ಮುಗಿಸಿ ಮಧ್ಯಾಹ್ನದ ಬಸ್ಸು ಹಿಡಿಯಬಹುದಿತ್ತು. ಉಗುರುಬಣ್ಣದ ಅಂಚು ಅಳೆದಂತೆ ನೇರವಿತ್ತು. ಹಲ್ಲನ್ನು ತೊಳೆದ ಮೇಲೆ ಒರೆಸದೆ, ಹೀರುಕಾಗದದ ಮೇಲೆ ಮೆಲ್ಲಗೆ ಒತ್ತುತ್ತಿದ್ದಳು, ಹಾಗೇ ಮಾಡಬೇಕು. ಹುಳಿ ಅಳೆಯುವ ಮುಂಚೆ ಯಂತ್ರವನ್ನು ಎರಡು ಸಲ ಹೊಂದಿಸಿಕೊಂಡಳು. ಅವನು ಒಂದೇ ಸಲ ಮಾಡುತ್ತಿದ್ದ. ಅವಳ ಕೈ ಅವನ ಕೈಗಿಂತ ಚೆನ್ನಾಗಿತ್ತು.

"ಈಗ ನೀರು ಬ್ಯಾರೆ ಬರ್ತೈತೇನ್ರಿ?" ಎಂದು ಕೇಳಿದ. ತನ್ನ ದನಿ ತನಗೇ ಹೇಸಿಗೆಯಾಯಿತು.

"ನೀರ ಅಲ್ರಿ. ಏನಂತ ನನಗ ಗೊತ್ತೈತಿ." ಐಶ್ವರ್ಯ ಶಿವಾನಿಯ ಕಡೆ ತಿರುಗಿದರು. "ಐತಾರ. ಐತಾರ ಈಕಿ ಹತ್ತಕ್ಕೋ ಹನ್ನೊಂದಕ್ಕೋ ಎದ್ದ ಬರ್ತಿರಬೇಕು, ರಿಜಿಸ್ಟರಿನ್ಯಾಗ ಎಂಟು ಅಂತ ಬರೀತಿರಬೇಕು. ಈ ಸರ್ತೀನೂ ಬರಲಿಲ್ಲಂದ್ರ ನಾ ಸಹಿ ಮಾಡಂಗಿಲ್ಲ. ವರ್ಷ ಹೋದ್ರ ಹೋಗ್ಲಿ."

"ಇಲ್ರಿ ಮೇಡಂ, ನಾ ಒಂದಿನಾನೂ..."

"ಇವರನ್ನ ಕೇಳು. ಹದಿನಾಕು ದಿವ್ಸ, ಎರಡ ಐತಾರ ಹಿಡದು, ಒಂದ ಗಳಿಗಿ ಹೆಚ್ಚುಕಮ್ಮಿ ಆಗಿಲ್ಲ. ನನ್ನ ಪುಸ್ತಕದಾಗ ಇವರ ಹೆಸರ ಸುಮ್ನ ಬಂದಿಲ್ಲ."

ಸಾತಪ್ಪ ಕಪ್ಪನ್ನು ಮೇಜಿನ ಮೇಲಿಟ್ಟ. ಬಸ್ಸಿನಲ್ಲಿ ಕಟ್ಟಿದ ಮೂರು ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ.

"ಅಕ್ಕಾರ, ಒಂದ ಐತಾರ ನಾ ಇರಲಿಲ್ರಿ."

"ಏನಂದ್ರಿ?"

"ಹನ್ನೊಂದನೇ ದಿವ್ಸ. ನಾಕನೇ ಜಾಡಿ ಅವತ್ತ ಹುಳಿನೀರಿಗೆ ಬಿದ್ದಿಲ್ರಿ. ಉಳದ ಮೂರೂ ಸಂಜಿತನಕ ಅದರಾಗ ಇದ್ದೂವ್ರಿ. ರಿಜಿಸ್ಟರಿನ್ಯಾಗ ನಾ ಸುಳ್ಳ ಬರದೀನ್ರಿ."

ಯಾವುದೋ ಯಂತ್ರ ಟಕ್ಕೆಂದು ಹೊತ್ತಿಕೊಂಡು ಗುಂಯ್ ಅನ್ನತೊಡಗಿತು. ಶಿವಾನಿ ಅವನನ್ನೇ ನೋಡುತ್ತಿದ್ದಳು.

"ನಾಕನೇದ್ದು ಅಂದ್ರ ನಂದು" ಅಂದರು ಐಶ್ವರ್ಯ. "ಹಾಲಿಂದು."

"ಹೌದ್ರಿ."

"ಉಳದದ್ದು ಎಷ್ಟ ತಾಸು ಇದ್ದೂವು? ಸರಿಯಾಗಿ ಹೇಳ್ರಿ."

"ಎಂಟಕ್ಕ ಹಾಕಿದ್ನಿರಿ. ತಗದಾಗ ಆರೂ ಕಾಲು."

ಅವರು ಒಂದು ಲಕೋಟೆಯ ಹಿಂಭಾಗದಲ್ಲಿ ಏನೋ ಬರೆದು, ಕೂಡಿಸಿ, ಗೀಟು ಎಳೆದರು. ಅವರ ಮುಖದಲ್ಲಿ ಸಿಟ್ಟು ಹುಡುಕಿದ, ಇರಲಿಲ್ಲ. ಲೆಕ್ಕ ಕೂಡಿಬಂದವರ ಮುಖವಿತ್ತು. ಅದು ಸಿಟ್ಟಿಗಿಂತ ಕೆಟ್ಟದಾಗಿತ್ತು.

"ಯಾಕ ಬಿಟ್ಟ ಹೋದ್ರಿ?"

"ನಮ್ಮ ಮನಿಯಾಕಿ ಫಾಲ್ಸ್ ನೋಡಿರಲಿಲ್ರಿ." ಆ ಕೋಣೆಯಲ್ಲಿ, ಆ ಯಂತ್ರಗಳ ನಡುವೆ, ಆ ಮಾತು ಎಷ್ಟು ಸಣ್ಣದಾಗಿ ಕೇಳಿಸಿತೆಂದರೆ ಅವನಿಗೇ ಅದನ್ನು ಹೆಕ್ಕಿ ಮುಚ್ಚಿಡಬೇಕೆನ್ನಿಸಿತು.

"ಬಸ್ ಸಿಗಲಿಲ್ಲೇನು ವಾಪಸ್ ಬರಾಕ?" ಅವರು ಅವನಿಗೊಂದು ದಾರಿ ತೆರೆದು ಹಿಡಿದರು. ಅದು ಅವನಿಗೆ ಗೊತ್ತಾಯಿತು.

"ಒಂದರ ಬಸ್ಸಿನ್ಯಾಗ ಜಾಗಾ ಇತ್ರಿ. ನಾನ ಹತ್ತಲಿಲ್ಲ."

ಐಶ್ವರ್ಯ ಕನ್ನಡಕ ತೆಗೆದು ಕಣ್ಣಿನ ಮೂಲೆ ಒತ್ತಿಕೊಂಡರು. "ಎರಡ ಕಡೆ ಅಚ್ಚಾಗೈತಿ ಅದು" ಎಂದರು, ಅವನಿಗಲ್ಲ, ಶಿವಾನಿಗೂ ಅಲ್ಲ. "ಅದನ್ನ ನಂಬಿ ಮಂದಿ ಮುಂದ ಕೆಲಸ ಮಾಡ್ಯಾರ." ಕನ್ನಡಕ ಹಾಕಿಕೊಂಡು ಹುಡುಗಿಯನ್ನು ನೋಡಿದರು. "ನಿನಗ ಮೂರೂ ಸರ್ತಿ ಬಂದದ್ದು ಖರೆ ಐತಿ. ಅದನ್ನ ಹಂಗ ಬರಿ. ಅಚ್ಚು ಮಾಡಿದವ್ರಿಗೆ ನಾ ಕಾಗದ ಬರೀತೇನಿ, ನಂದು ತಪ್ಪೈತಿ ಅಂತ. ಐತಾರದ ಮಾತು ನಾ ಅನ್ನಬಾರದಿತ್ತು." ಆಮೇಲೆ ಸಾತಪ್ಪನತ್ತ ತಿರುಗದೆಯೇ ಅಂದರು: "ನೀವಿನ್ನ ಹೊರಡ್ರಿ ಸಾತಪ್ಪ. ಮಳಿ ಬರೂ ಹಂಗೈತಿ."

ಸಾತಪ್ಪ. ಹದಿನೆಂಟು ವರ್ಷದಿಂದ ಹೆಸರಿಗೆ ಅಂಟಿಕೊಂಡಿದ್ದ ಅಣ್ಣ ಅಲ್ಲೇ, ಆ ಮೇಜಿನ ಮೇಲೆ ಉಳಿದುಹೋಯಿತು. ಬೇಕೆಂದೇ ಬಿಟ್ಟರೋ, ದಣಿವಿನಲ್ಲಿ ಬಿಟ್ಟುಹೋಯಿತೋ ತಿಳಿಯಲಿಲ್ಲ. ಅವನು ತನ್ನ ಕಪ್ಪು ಎತ್ತಿಕೊಂಡು ಮೂಲೆಯ ನಲ್ಲಿಯಲ್ಲಿ ತೊಳೆದ. ಹಿಂದೆಲ್ಲ, ಇರಲಿ ಬಿಡ್ರಿ ಎಂದು ಅವರು ಕಸಿದುಕೊಳ್ಳುತ್ತಿದ್ದರು. ಇಂದು ಅವರು ಲಕೋಟೆಯ ಮೇಲಿನ ಲೆಕ್ಕವನ್ನೇ ನೋಡುತ್ತಿದ್ದರು. ಕಪ್ಪನ್ನು ಬೋರಲು ಹಾಕಿ, ಎಲ್ಲಿಡಬೇಕೆಂದು ಒಂದು ಕ್ಷಣ ಗೊತ್ತಾಗದೆ ನಿಂತು, ನಲ್ಲಿಯ ಪಕ್ಕದಲ್ಲೇ ಇಟ್ಟು ಹೊರಗೆ ಬಂದ.

ಮೆಟ್ಟಿಲಿನಲ್ಲಿ ಶಿವಾನಿ ಹಿಂದೆ ಓಡಿ ಬಂದಳು. "ಅಜ್ಜಾರ!" ಅವಳು ಉಪಕಾರದ ಮಾತು ಆಡಬಹುದು ಎಂದು ಅವನು ಅದನ್ನು ತಡೆಯಲು ಕೈಯೆತ್ತಿಯೂ ಬಿಟ್ಟ.

"ನಲವತ್ತೆರಡ ದಿವ್ಸರಿ" ಅಂದಳು. "ಸಂಕೇಶ್ವರ ಇಲ್ಲೇ ಐತಿ ನಮ್ಮೂರು. ಪಂಚಮಿಗೂ ಮನಿಗೆ ಹೋಗ್ಲಿಲ್ಲ ನಾ. ನಮ್ಮವ್ವ ಉಂಡಿ ಕಟ್ಟಿ ಇಟ್ಟಿದ್ಲು. ಮೊದ್ಲ ಯಾಕ ಹೇಳಲಿಲ್ರಿ?"

ಒಬ್ಬರು ನನ್ನ ಕೈ ಹಿಡಿದುಕೊಂಡಿದ್ದರು ಎಂದು ಹೇಳಬೇಕಿತ್ತು. ಮೆಟ್ಟಿಲ ಮೇಲೆ ನಿಂತ ಇಪ್ಪತ್ತಾರರ ಹುಡುಗಿಗೆ ಅದನ್ನು ಹೇಳಲು ಆಗುವುದಿಲ್ಲ. "ತಪ್ಪಾತವ್ವಾ" ಅಂದ. ಅವಳು ತಲೆಯಾಡಿಸಿ, ತಿರುಗಿ, ಎರಡೆರಡು ಮೆಟ್ಟಿಲು ಹಾರುತ್ತ ಮೇಲೆ ಹೋದಳು.

ಹುಕ್ಕೇರಿಯ ಮನೆ ಮುಟ್ಟಿದಾಗ ಇಳಿಹೊತ್ತು. ಪೂನಮ್ ಡ್ಯೂಟಿಯಿಂದ ಬಂದಿರಲಿಲ್ಲ. ಉದ್ದವ್ವ ಬಾಗಿಲ ಮುಂದೆ ಪರಾತ ಇಟ್ಟುಕೊಂಡು ಮೆಂತೆ ಪಲ್ಲೆ ಸೋಸುತ್ತಿದ್ದಳು. "ಯಾಕ ಇಷ್ಟ ಲಗೂ ಬಂದ್ರಿ? ಏನರೆ ಅಂದ್ರೇನು?" ಎಂದು ಕೇಳಿದಳು, ತಲೆಯೆತ್ತದೆ. ಸಾತಪ್ಪ ಹೊಸ್ತಿಲ ಮೇಲೆ ಕೂತ. ಹೇಳಿದ. ಐಶ್ವರ್ಯರಿಗೆ ಹೇಳಿದ್ದಕ್ಕಿಂತ ಉದ್ದವಾಗಿ, ಮಳೆಯನ್ನೂ ಬಸ್ಸನ್ನೂ ಸೇರಿಸಿ ಹೇಳಿದ. "ನಾವು ಫಾಲ್ಸಿಗೆ ಹೋಗಿದ್ವಲ್ಲ, ಆ ಐತಾರ" ಅಂದಾಗ ಅವಳ ಬೆರಳುಗಳು ನಿಂತವು.

"ಅದರ ಮಾತ ಈಗ ಯಾಕ?"

"ಯಾಕಂದ್ರ, ಅಷ್ಟ ಚಲೋ ದಿನಾ ನನಗ..."

"ನಿಮಗ ಚಲೋ ಇತ್ತು ಬಿಡ್ರಿ." ಒಂದು ಕಡ್ಡಿಯನ್ನು ಬಿಸಾಡಿದಳು. "ನಿಮ್ಮ ಸಾಹೇಬರ ಬಿಳಿ ಕಾರ ಬಂತು. ನೀವು ನನ್ನ ಬಿಟ್ಟು ಛತ್ರಿ ಹಿಂದ ಹೋಗಿ ನಿಂತ್ರಿ. ನಾ ತೆನಿ ಹಿಡಕೊಂಡು ಒಬ್ಬಾಕಿನ ನಿಂತಿದ್ನಿ. ಸಾಹೇಬರ ಹೆಣ್ತಿ ನನ್ನ ಬಾಯಿ ನೋಡಿ ಹಿಂಗ ಮಾರಿ ತಿರುವಿದ್ಲು."

"ಬಾಯಿ ಯಾಕ?"

"ಮಿಶ್ರಿ ತಿಕ್ಕತಿದ್ದೆಲ್ಲ ಆಗ. ಹಲ್ಲ ಕರ್ರಗ ಇದ್ದೂವು. ಹಲ್ಲಿನ ಕಾಲೇಜಿನಾಗ ಪಗಾರ ತಗೊಳ್ಳಾವನ ಹೆಣ್ತಿ ಹಿಂತಾಕಿ ಅಂತ ಯಾರರೆ ನೋಡಿದ್ರ ಮರ್ಯಾದಿ ಹೊಕ್ಕೈತಿ ಅಂತ ಸರದ ನಿಂತ್ರಿ ಅಂತ ತಿಳಕೊಂಡೆ. ದಿನಾ ಪೂರ್ತಿ ಗಡಿಯಾರ ನೋಡಾಕತ್ತಿದ್ರಿ, ಯಾವಾಗ ಈಕಿನ್ನ ಮನಿಗೆ ಮುಟ್ಟಿಸೇನು ಅನ್ನೂ ಹಂಗ. ಮರದಿನಾನ ಆ ಡಬ್ಬಿ ಒಲಿಗೆ ಹಾಕೇನಿ."

ಸುಟ್ಟ ತಂಬಾಕಿನ ಆ ಪುಡಿಯನ್ನು ಅವಳು ಬಿಟ್ಟದ್ದು ತಾನು ಹೇಳಿದ ಬುದ್ಧಿಮಾತಿನಿಂದ ಎಂದು ಅವನು ನಂಬಿದ್ದ. ಲ್ಯಾಬಿನಲ್ಲಿ ಎಷ್ಟೋ ಜನರ ಮುಂದೆ ಹೆಮ್ಮೆಯಿಂದ ಹೇಳಿಕೊಂಡಿದ್ದ. ಈಗ ಆ ಛತ್ರಿಯ ಹಿಂದಿನಿಂದ ಮೊದಲ ಸಲ ಈಚೆ ಬಂದು ನೋಡಿದ: ನೀರಿನ ಗುಡುಗು, ತುಂತುರು, ಅವುಗಳ ನಡುವೆ ಬಿಸಿ ತೆನೆಯನ್ನು ಎರಡು ಕೈಯಲ್ಲಿ ಬದಲಾಯಿಸಿಕೊಳ್ಳುತ್ತ, ಬಾಯಿ ಮುಚ್ಚಿ ನಿಂತ ಒಬ್ಬ ಹೆಂಗಸು. ಎಷ್ಟು ಹೊತ್ತು ನಿಂತಿದ್ದಳೋ. ಅದಾದ ಮೇಲೂ ಅವಳು ಬಂಡೆಯ ಮೇಲೆ ಕೂತು ನೀರನ್ನೇ ನೋಡುತ್ತಿದ್ದಳು, ಅವನ ಕಡೆ ಬೆನ್ನು ಮಾಡಿ. ಅದನ್ನು ಅವನು ಸಂತೋಷ ಎಂದುಕೊಂಡಿದ್ದ. ಆ ಸಂತೋಷ ಕೆಡಬಾರದೆಂದೇ ಒಂದು ಗಂಟೆಯ ಬಸ್ಸನ್ನು ಬಿಟ್ಟಿದ್ದ.

"ಅಲ್ಲ" ಅಂದ. "ಕೆಲಸ ಬಿಟ್ಟ ಬಂದಿದ್ನಿ. ಸಾಹೇಬ ನೋಡಿದ್ರ ಕೆಲಸಾನ ಹೊಕ್ಕಿತ್ತು. ಅದಕ್ಕ ಅಡಗಿದ್ದು. ಗಡಿಯಾರ ನೋಡಿದ್ದೂ ಜಾಡಿ ಸಲುವಾಗಿ. ನಿನ್ನ ಸಲುವಾಗಿ ಅಲ್ಲ."

"ಖರೆ ಹೇಳ್ತೀರಿ?"

"ಖರೆ."

"ಮತ್ತ ಆವಾಗ ಹೇಳಿದ್ರ ಏನಾಗ್ತಿತ್ತು?"

"ಕೆಲಸ ತಪ್ಪಿಸಿದ್ದೂ ಹೇಳಬೇಕಾಗ್ತಿತ್ತಲ್ಲ."

ಉದ್ದವ್ವ ಇನ್ನೊಂದು ಕಡ್ಡಿಯ ಎಲೆ ಬಿಡಿಸಿ ಪರಾತಕ್ಕೆ ಹಾಕಿದಳು. ಆಮೇಲೆ, ನಲವತ್ತು ವರ್ಷದಲ್ಲಿ ಎಂದೂ ಕೇಳದಿದ್ದುದನ್ನು ಕೇಳಿದಳು. "ಏನ ಕೆಲಸರಿ ಅದು? ಜಾಡಿ ಅಂತೀರಿ, ಹಲ್ಲಂತೀರಿ. ನೀವು ಅಲ್ಲೆ ಕಸಾ ಹೊಡೀತೀರಿ ಅಂತ ತಿಳಕೊಂಡಿದ್ನಿ ನಾ."

ಸಾತಪ್ಪ ಪರಾತವನ್ನು ತನ್ನ ಕಡೆ ಎಳೆದುಕೊಂಡ. ಮೆಂತೆ ಎಲೆಗಳನ್ನು ನಾಲ್ಕು ಗುಂಪು ಮಾಡಿ, ಇದು ಒಂದು ಜಾಡಿ, ಇದು ಎರಡು ಎಂದು ತೋರಿಸಿದ. ಹುಳಿ ಹೇಗೆ ಹಲ್ಲಿನ ಸತ್ವವನ್ನು ಎಳೆದುಕೊಳ್ಳುತ್ತದೆ, ಜೊಲ್ಲು ಹೇಗೆ ಮೆಲ್ಲಗೆ ತಿರುಗಿ ತುಂಬುತ್ತದೆ, ಆರು ತಾಸು ಇಲ್ಲಿ, ಹದಿನೆಂಟು ತಾಸು ಅಲ್ಲಿ. ಅವಳು ಮುಂದೆ ಬಾಗಿ ಕೇಳಿದಳು. ದಿನಾ ಹಂಗೇನ್ರಿ, ಹಬ್ಬದಾಗೂ ಹಂಗೇನ್ರಿ ಎಂದು ನಡುವೆ ಕೇಳಿದಳು. ನಾಲ್ಕನೆಯ ಗುಂಪನ್ನು ಅವನು ಬೆರಳಿನಿಂದ ಆಚೆ ಸರಿಸಿ, "ಈ ಹತ್ತ ಹಲ್ಲ ಮಾತ್ರ ಅವತ್ತ ಹುಳಿಗೆ ಹೋಗ್ಲಿಲ್ಲ ನೋಡು" ಅಂದ.

ಅವಳು ಆ ಎಲೆಗಳನ್ನು ಸ್ವಲ್ಪ ಹೊತ್ತು ನೋಡಿದಳು. "ಅಂದ್ರ ನನ್ನ ಸಲುವಾಗಿ ಅವಕ್ಕೂ ಒಂದಿನಾ ಸೂಟಿ ಕೊಟ್ರಿ ಅನ್ರಿ" ಅಂದಳು. ಅಂದವಳಿಗೆ ತಡೆಯದೆ ನಗು ಬಂತು. ಭುಜ ಕುಲುಕಿದವು, ಕಣ್ಣಲ್ಲಿ ನೀರು ಬಂತು, ಸೆರಗಿನ ಚುಂಗು ಬಾಯಿಯ ಮೇಲೆ ಹೋಯಿತು.

ಸಾತಪ್ಪ ಆ ಚುಂಗನ್ನು ನೋಡಿದ. ಅವಳು ಹೀಗೇ ನಗುತ್ತಿದ್ದಳು, ಮಗಳ ಮದುವೆಯಲ್ಲೂ, ಫೋಟೋ ತೆಗೆಯುವಾಗಲೂ. ಹೆಂಗಸರ ರೀತಿ ಎಂದುಕೊಂಡಿದ್ದ. ಆ ದಿನ ಸೇತುವೆಯ ಮೇಲೆ, ಬಿಳಿ ಕಾರು ಬರುವ ಮುಂಚೆ, ಭೋಂಗಾಕ್ಕೆ ಬೆಚ್ಚಿ ನಕ್ಕಾಗ, ಬಾಯಿಯ ಮೇಲೆ ಏನೂ ಇರಲಿಲ್ಲ. ಸೆರಗು ತೆಗಿ ಎಂಬ ಮಾತು ನಾಲಿಗೆಯ ತನಕ ಬಂತು. ಹೇಳಿದರೆ ಅವಳು ಇನ್ನೂ ಬಿಗಿಯಾಗಿ ಹಿಡಿದಾಳು ಎನ್ನಿಸಿ ಸುಮ್ಮನಾದ. ಬದಲಿಗೆ, "ನಮ್ಮ ದೊಡ್ಡ ಸಾಹೇಬ್ರು ಒಂದಪಾ ಕುಡಿಯೂ ನೀರಂತ ತಿಳಕೊಂಡು ಜೊಲ್ಲುನೀರ ಕುಡದಿದ್ರು, ಗೊತ್ತೇನು?" ಅಂದ.

"ಖರೇನ ಕುಡದ್ರ?"

"ಗಟಗಟ. ಪೂರಾ ಲೋಟಾ. ಕುಡದು, ಇವತ್ತ ನೀರ ಚಲೋ ಅದಾವಲ್ಲೋ ಸಾತ್ಯಾ ಅಂದ್ರು."

ಉದ್ದವ್ವ ಪರಾತದ ಮೇಲೆ ಬಾಗಿ ನಕ್ಕಳು. ಸೆರಗು ಇನ್ನೂ ಬಾಯಿಯ ಮೇಲೆಯೇ ಇತ್ತು. ಸಾತಪ್ಪ ಅವಸರ ಮಾಡಲಿಲ್ಲ. ಲ್ಯಾಬಿನ ಇನ್ನೊಂದು ಸಂಗತಿಯನ್ನು ನೆನಪು ಮಾಡಿಕೊಳ್ಳತೊಡಗಿದ.